ಒಂದು ಬೊಗಸೆ ನೀರು

ಇನೆಜ್ ಕುವೈತಿನ ಮಂಗಫ್‌ನ ಒಂದು ಫ್ಲ್ಯಾಟಿಗೆ ಅಡುಗೆ ಕೆಲಸಕ್ಕೆಂದು ಬಂದವಳು. ದೊಡ್ಡಬಾಯಿಗೆ ಲಕ್ವ ಹೊಡೆದ ಮೇಲೆ ಆಕೆಯ ಕೈಕಾಲೂ ತಾನೇ ಆದಳು. ದೊಡ್ಡಬಾಯಿ ಎಂದರೆ ಯಜಮಾನ ಚಾರ್ಲ್ಸ್‌ನ ತಾಯಿ. ಚಾರ್ಲ್ಸ್ ಶುಐಬಾದ ಕಾರ್ಖಾನೆಗೂ ಅವನ ಹೆಂಡತಿ ಮೇಬಲ್ ಆಸ್ಪತ್ರೆಯ ನರ್ಸ್ ಕೆಲಸಕ್ಕೂ ಹೊರಟುಹೋದರೆ ಮನೆಯಲ್ಲಿ ಉಳಿಯುತ್ತಿದ್ದವರು ಈ ಇಬ್ಬರು ಹೆಂಗಸರೇ. ದೊಡ್ಡಬಾಯಿಯ ಎಡಭಾಗ ಪೂರ್ತಿ ಸತ್ತಿತ್ತು, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಗಂಜಿ ಬಿಸಿಯಿದ್ದರೂ ಬೈಗುಳ, ಆರಿದರೂ ಬೈಗುಳ.

೨೦೦೮ರ ತಪಸ್ಸುಕಾಲದಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಅಬು ಹಲೀಫಾದ ಪ್ರಾರ್ಥನಾಕೂಟದ ಮುಖಂಡ ಪಾಯಸ್ ಜೋರ್ಡಾನ್ ದೇಶಕ್ಕೆ ಯಾತ್ರೆ ಹೊರಡಿಸಿದ. ಯೇಸುಸ್ವಾಮಿ ಜ್ಞಾನಸ್ನಾನ ಪಡೆದ ನದೀತೀರವೂ ಅದರಲ್ಲಿತ್ತು.

"ಮಮ್ಮಿಯ ಗಾಲಿಕುರ್ಚಿ ತಳ್ಳಲಿಕ್ಕೆ ನೀನೂ ಬರಬೇಕು" ಎಂದಳು ಮೇಬಲ್.

ಇನೆಜ್ ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತಳು. ಊರಿನಲ್ಲಿ ಬಹಳ ವರ್ಷಗಳ ಹಿಂದೆ ಅವಳು ಮನೆಯಲ್ಲೇ ಹೆತ್ತ ಗಂಡುಮಗು ಬೆಳಕು ಹರಿಯುವ ಮೊದಲೇ ತೀರಿಕೊಂಡಿತ್ತು. ಜ್ಞಾನಸ್ನಾನವಾಗದ ಮಗುವಿಗೆ ಸಿಮಿತ್ರಿಯೊಳಗೆ, ಚರ್ಚಿನ ಸ್ಮಶಾನದಲ್ಲಿ, ಜಾಗವಿಲ್ಲವೆಂದರು. ಗಂಡ ಗೋಡೆಯ ಹೊರಗೆ, ಗೇರುಮರದ ಬುಡದಲ್ಲಿ ಗುಂಡಿ ತೋಡಿದ. ಜ್ಞಾನಸ್ನಾನಕ್ಕೆಂದು ಅವಳು ಮೊದಲೇ ಹೊಲಿದಿಟ್ಟಿದ್ದ ಬಿಳಿ ಅಂಗಿ ಹಾಗೆಯೇ ಉಳಿಯಿತು. ಕುವೈತಿಗೆ ಬರುವಾಗಲೂ ಅದನ್ನು ಜೊತೆಗೆ ತಂದಿದ್ದಳು. ಒಮ್ಮೆ ಆ ನದಿಯಲ್ಲಿ ಅದ್ದಿದರೆ ಮಗುವಿನ ಲೆಕ್ಕಕ್ಕೆ ಏನಾದರೂ ಸೇರೀತು ಎಂದು ಅವಳಿಗೆ ಆಸೆ.

ನದಿಯ ಹತ್ತಿರದವರೆಗೆ ಕುರ್ಚಿ ಹೋಯಿತು. ಮುಂದೆ ಕೆಳಕ್ಕೆ ಬರೀ ಮೆಟ್ಟಿಲು.

"ಚಾರ್ಲಿ, ನನ್ನನ್ನು ಎತ್ತಿಕೊಂಡು ಹೋಗು ಮಗಾ" ಎಂದಳು ದೊಡ್ಡಬಾಯಿ. "ಸಾಯುವ ಮೊದಲು ಒಮ್ಮೆ ಆ ನೀರು ಮುಟ್ಟುತ್ತೇನೆ."

"ನನ್ನ ಸೊಂಟನೋವು ಗೊತ್ತುಂಟಲ್ಲ ಮಮ್ಮಿ? ಬಾಟ್ಲಿಯಲ್ಲಿ ತರ್ತೇನೆ."

ಎಲ್ಲರೂ ಸ್ತೋತ್ರ ಹಾಡುತ್ತ ಇಳಿದುಹೋದರು. ಇನೆಜ್‌ಗೆ ನೆರಳಿನ ಚಪ್ಪರದಡಿ ಕಾಯುವ ಕೆಲಸ. ಮಗುವಿನ ಅಂಗಿ ಅವಳ ಕೈಯಲ್ಲಿತ್ತು. ದೊಡ್ಡಬಾಯಿ ಮಗ ಹೋದ ದಿಕ್ಕನ್ನೇ ನೋಡುತ್ತ ಕೂತಿದ್ದಳು. ಕಣ್ಣು ತುಂಬಿ ಬಂದದ್ದನ್ನು ಕೆಲಸದವಳು ನೋಡಿದಳೆಂದು ಗೊತ್ತಾದಾಗ ಮುಖ ಬಿಗಿಯಾಯಿತು.

"ಎಂತ ಅದು ಕೈಯಲ್ಲಿ?"

ಇನೆಜ್ ಹೇಳಿದಳು. ಅಷ್ಟು ವರ್ಷಗಳಲ್ಲಿ ಯಾರಿಗೂ ಹೇಳಿರದ್ದನ್ನು ಪೂರ್ತಿ ಹೇಳಿದಳು.

"ರಾತ್ರಿಯಿಡೀ ಬದುಕಿತ್ತಾ? ಮನೆಯಲ್ಲಿ ನೀರು ಇರ್ಲಿಲ್ಲವಾ?"

"ಬಾವಿ ಇತ್ತು ದೊಡ್ಡಬಾಯಿ."

"ಹಾಗಾದ್ರೆ ನೀನೇ ಜ್ಞಾನಸ್ನಾನ ಕೊಡ್ಬಹುದಿತ್ತಲ್ಲ! ಜೀವ ಹೋಗುವ ಮಗುವಿಗೆ ಪಾದ್ರಿಯೇ ಬೇಕೂಂತ ಇಲ್ಲ. ತಲೆಗೆ ಒಂದು ಬೊಗಸೆ ನೀರು ಹೊಯ್ದು ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿದ್ರೆ ಆಯ್ತು. ಬಾವಿ ತುಂಬ ನೀರು ಇಟ್ಕೊಂಡು ಮಗುವನ್ನು ಹಾಗೇ ಕಳಿಸಿದೆ. ಈಗ ಇಲ್ಲಿ ಬಟ್ಟೆ ತೊಳೀಲಿಕ್ಕೆ ಬಂದಿದ್ದೀ!"

ಇನೆಜ್‌ಗೆ ಆ ರಾತ್ರಿಯ ಹಂಡೆ ಕಣ್ಣಿಗೆ ಕಟ್ಟಿತು. ಹೆರಿಗೆಗೆಂದು ಕಾಯಿಸಿದ ನೀರು ಅವಳ ಚಾಪೆಯ ಪಕ್ಕದಲ್ಲೇ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು.

ಅವಳು ಎದ್ದಳು. ಕುರ್ಚಿಯನ್ನು ಚಪ್ಪರದಿಂದ ಹೊರಗೆ ತಳ್ಳಿ ಬಿಸಿಲಿನಲ್ಲಿ ನಿಲ್ಲಿಸಿದಳು. ನದಿಗೆ ಬೆನ್ನಾಗುವಂತೆ ತಿರುಗಿಸಿ ಎರಡೂ ಕಡೆಯ ಬ್ರೇಕ್ ಹಾಕಿದಳು.

"ಎಲ್ಲಿಗೆ? ಇನೆಜ್! ನನ್ನನ್ನು ನೆರಳಿಗೆ ತಳ್ಳು. ಇನೆಜ್, ಮಗಳೇ..."

ಅವಳು ತಿರುಗಿ ನೋಡದೆ ಮೆಟ್ಟಿಲಿಳಿದಳು.

ನದಿ ಅವಳಂದುಕೊಂಡಷ್ಟು ದೊಡ್ಡದಿರಲಿಲ್ಲ. ಊರಿನ ತೋಡಿನಷ್ಟೇ ಅಗಲ, ಕೆಸರು ಬಣ್ಣ. ಆಚೆ ದಡ ಬೇರೆ ದೇಶ. ಅಲ್ಲಿ ಬಿಳಿ ನಿಲುವಂಗಿಯವರು ಒಬ್ಬರಾದ ಮೇಲೆ ಒಬ್ಬರು ಮುಳುಗಿ ಏಳುತ್ತ ನಗುತ್ತಿದ್ದರು. ಅವರ ಹಿಂದೆ ಬಂದೂಕು ಹಿಡಿದ ಸೈನಿಕರು. ಇನೆಜ್ ಮೊಣಕಾಲಿನವರೆಗೆ ಇಳಿದು ಅಂಗಿಯನ್ನು ಅದ್ದಿದಳು. ಮಾತುಗಳು ಈಗ ಗೊತ್ತಿದ್ದವು. ಆದರೆ ಮೊದಲು ಹೆಸರು ಹೇಳಬೇಕಲ್ಲ? ಮಗುವಿಗೆ ಯಾರೂ ಹೆಸರಿಟ್ಟಿರಲಿಲ್ಲ. ಒಂದೊಂದೇ ಹೆಸರು ನೆನೆಸಿಕೊಂಡಳು, ಯಾವುದೂ ಅವನದೆನ್ನಿಸಲಿಲ್ಲ. ಅಂಗಿ ಕೆಸರು ಕುಡಿದು ಕಂದಾಗಿತ್ತು. ಬೆರಳು ಸಡಿಲಿಸಿದಳು. ಅದು ಜೊಂಡಿನ ಕಡೆಗೆ ಹೋಗಿ ಕಾಣದಾಯಿತು.

"ನೀನು ಇಲ್ಲಿ? ಮಮ್ಮಿಯ ಹತ್ರ ಯಾರುಂಟು?" ಮೇಬಲ್ ಕೂಗಿದಳು.

ಮೇಲೆ ದೊಡ್ಡಬಾಯಿ ಕುರ್ಚಿಯಲ್ಲೇ ಒಂದು ಪಕ್ಕಕ್ಕೆ ಜಾರಿದ್ದಳು. ಆಡುವ ಕೈಯಿಂದ ಬಲಗಡೆಯ ಬ್ರೇಕ್ ಬಿಚ್ಚಿ ಗಾಲಿ ತಿರುಗಿಸಿದ್ದಳು. ಎಡಗಡೆಯದು ಕೈಗೆಟುಕದೆ ಕುರ್ಚಿ ಇದ್ದಲ್ಲೇ ಸುತ್ತಿತ್ತು. ತುಟಿ ಒಣಗಿ, ಉಟ್ಟ ಬಟ್ಟೆ ಒದ್ದೆಯಾಗಿತ್ತು. ಚಾರ್ಲ್ಸ್ ಕೈಯಲ್ಲಿದ್ದ ಬಾಟ್ಲಿಯ ನೀರನ್ನೆಲ್ಲ ತಾಯಿಯ ನೆತ್ತಿಗೆ ಸುರಿದ. ಅದು ಯಾವ ನೀರೆಂದು ಅವಳಿಗೆ ತಿಳಿಯುವಷ್ಟು ಎಚ್ಚರವಿರಲಿಲ್ಲ. ಮೇಬಲ್ ಎಲ್ಲರೆದುರೇ ಇನೆಜ್‌ನ ಕೆನ್ನೆಗೆ ಹೊಡೆದಳು. ಪಾಯಸ್ ಜಪಸರದ ಕಡೆ ನೋಡುತ್ತ ನಿಂತ.

ದೊಡ್ಡಬಾಯಿ ಬದುಕಿದಳು. ಕುವೈತಿಗೆ ಮರಳಿದ ದಿನವೇ ಚಾರ್ಲ್ಸ್ ಹೇಳಿದ: "ಹೊಸಬಳು ಬರುವವರೆಗೆ ಮಾತ್ರ ನೀನು. ಆಮೇಲೆ ಇಕಾಮಾ ಖಲಾಸ್. ಪರ್ಮಿಟ್ ರದ್ದು, ಸೀದಾ ಊರಿಗೆ."

ಇನೆಜ್ ಮೊದಲಿನ ಹಾಗೆಯೇ ಕೆಲಸ ಮಾಡಿದಳು. ಮೀಯಿಸಿದಳು, ಉಣ್ಣಿಸಿದಳು, ಮಗ್ಗುಲು ಬದಲಿಸಿದಳು. ದೊಡ್ಡಬಾಯಿಯ ಜೊತೆ ಮಾತು ಮಾತ್ರ ಆಡಲಿಲ್ಲ. ಕುರ್ಚಿಯ ಹಿಡಿಗೆ ಅವಳ ಕೈ ತಗಲಿದರೆ ದೊಡ್ಡಬಾಯಿ ಬೆಚ್ಚುತ್ತಿದ್ದಳು. ಬೈಗುಳ ನಿಂತುಹೋಯಿತು. ಬಾಲ್ಕನಿಯಲ್ಲಿ ಕೂರಿಸಿದಾಗ "ಬಿಸಿಲು ಬರ್ತದೆ ಇನೆಜ್" ಎಂದು ಮೆಲ್ಲಗೆ ಬೇಡುತ್ತಿದ್ದಳು.

ಒಂದು ಶುಕ್ರವಾರ ಅಹ್ಮದಿಯ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಇನೆಜ್ ಪಾದ್ರಿಗಳನ್ನು ಕೇಳಿದಳು. ತುರ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ನಿಜವೇ ಎಂದರು. ಅಂಥ ಮಕ್ಕಳನ್ನು ದೇವರು ಕೈಬಿಡುವುದಿಲ್ಲ ಎಂದೂ ಹೇಳಿದರು. ಅವಳಿಗೆ ಮೊದಲನೆಯ ಮಾತಷ್ಟೇ ಕೇಳಿಸಿತು.

ಮರುದಿನ ಗಂಜಿ ಕುಡಿಸುವಾಗ ದೊಡ್ಡಬಾಯಿ ಅವಳ ಮಣಿಕಟ್ಟು ಹಿಡಿದಳು.

"ಅವತ್ತು ನಾನು ಸುಳ್ಳು ಹೇಳಿದ್ದು ಇನೆಜ್. ಪಾದ್ರಿಯೇ ಬೇಕು. ನೀನು ನೀರು ಹೊಯ್ದಿದ್ರೂ ಅದು ಆಗ್ತಿರ್ಲಿಲ್ಲ. ನಿನ್ನ ತಪ್ಪು ಇಲ್ಲ."

ಇನೆಜ್ ಆಕೆಯ ಗಲ್ಲ ಒರೆಸಿದಳು.

"ಅವತ್ತು ನೀವು ಹೇಳಿದ್ದೇ ಸರಿ ದೊಡ್ಡಬಾಯಿ. ನಾನು ಪಾದ್ರಿಗಳನ್ನು ಕೇಳಿದೆ."

ನದಿಯಿಂದ ಬಂದ ಮೇಲೆ ಅವಳು ದೊಡ್ಡಬಾಯಿಯ ಜೊತೆ ಆಡಿದ ಮೊದಲ ಮಾತು ಅದು. ದೊಡ್ಡಬಾಯಿ ಅತ್ತಳು. ಕೊನೆಯ ಚಮಚದವರೆಗೂ ಇನೆಜ್ ಗಂಜಿ ಕುಡಿಸಿದಳು.

ಹೊಸಬಳು ಶ್ರೀಲಂಕಾದವಳು. ಕೊಂಕಣಿ, ಕನ್ನಡ ಎರಡೂ ಬಾರದು. ದೊಡ್ಡಬಾಯಿ ಮಗನ ಕೈ ಹಿಡಿದು ಬೇಡಿದಳು: "ಇನೆಜ್ ಇರ್ಲಿ ಚಾರ್ಲಿ. ನಾನು ಯಾರ ಹತ್ರ ಮಾತಾಡುವುದು?"

"ನಿಮ್ಮನ್ನು ಸಾಯಿಸಲಿಕ್ಕೆ ಹೊರಟವಳು ಅವಳು ಮಮ್ಮಿ" ಎಂದಳು ಮೇಬಲ್.

ಇನೆಜ್ ಹೊಸಬಳಿಗೆ ಔಷಧಿಯ ಡಬ್ಬಿಗಳನ್ನು ತೋರಿಸಿದಳು. ಒಳಗಿನ ಕೋಣೆಯಿಂದ ಕರೆಯುವ ದನಿ ಕೇಳಿಸುತ್ತಲೇ ಇತ್ತು. ಚೀಲವೆತ್ತಿಕೊಂಡು ಅವಳು ಲಿಫ್ಟಿನ ಕಡೆ ನಡೆದಳು.