ಮೂರನೇ ಲೈನಿನ ಕೆಂಪು ಹಲಗೆ

ಅಣ್ಣನ ಕೈ ನಡುಗಲು ಶುರುವಾದ ಮೇಲೆ ಅವನ ಆಟಿಕೆ ರೈಲಿಗೆ ನಾನೇ ಕೈಯಾದೆ. ಬಟ್ಟೆ ಹೊಲಿದು ಬದುಕುವವಳಿಗೆ ಚಿಮುಟ ಹಿಡಿಯುವುದೇನು ಮಹಾ. ಆಟಿಕೆ ಅಂದರೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ, ಮಾದರಿ ಅನ್ನಬೇಕಂತೆ. ಮೇಜಿನಗಲದ ಪ್ಲೈವುಡ್ಡಿನ ಮೇಲೆ ಅವನು ಮೂವತ್ತು ವರ್ಷ ದುಡಿದ ರೈಲ್ವೆ ರಿಪೇರಿ ಯಾರ್ಡು ಎದ್ದು ನಿಂತಿತ್ತು. ನನ್ನ ಗಂಡನೂ ಅಲ್ಲೇ ಫಿಟ್ಟರ್ ಆಗಿದ್ದ. ಹನ್ನೊಂದು ವರ್ಷದ ಹಿಂದೆ ಮೂರನೇ ಲೈನಿನಲ್ಲಿ, ವ್ಯಾಗನ್ನಿನ ಕೆಳಗೆ ಸತ್ತ.

ಅಲ್ಲಿ ಒಂದು ನಿಯಮವಿತ್ತು. ವ್ಯಾಗನ್ನಿನ ಕೆಳಗೆ ನುಗ್ಗುವವನು ಮೊದಲು ಹಳಿಗಳ ನಡುವೆ ಕೆಂಪು ಹಲಗೆ ನೆಡಬೇಕು. ನೆಟ್ಟವನೇ ಬಂದು ಕೀಳುವ ತನಕ ಆ ಲೈನಿಗೆ ಎಂಜಿನ್ ಬರುವಂತಿಲ್ಲ. ಅವತ್ತು ಹಲಗೆ ಇರಲೇ ಇಲ್ಲ, ಸತ್ತವನೇ ಮರೆತ ಎಂದು ವಿಚಾರಣೆಯವರು ಬರೆದು ಫೈಲು ಮುಚ್ಚಿದರು. ಅಂದಿನಿಂದ ಯಾರ್ಡಿಗೆ ಸೇರುವ ಹೊಸಬರಿಗೆಲ್ಲ ನನ್ನ ಗಂಡನದೇ ಪಾಠ: ಮೈಮರೆತರೆ ಇದೇ ಗತಿ. ಸತ್ತ ಮೇಲೂ ಪಾಪ, ಅವನಿಗೆ ಬೈಗುಳ ತಪ್ಪಲಿಲ್ಲ. ನಾನೂ ಬೈದಿದ್ದೇನೆ, ಫೋಟೋದ ಮುಂದೆ ನಿಂತು, ಎಷ್ಟೋ ಸಲ.

ಈ ಮಾದರಿಯನ್ನು ಯಾರ್ಡಿನ ತರಬೇತಿ ಕೋಣೆಯಲ್ಲಿ ಇಡುತ್ತಾರೆಂದು ಗೊತ್ತಾದಾಗ ನಾನು ಅಣ್ಣನನ್ನು ಒಂದೇ ಒಂದು ಕೇಳಿಕೊಂಡೆ: ಮೂರನೇ ಲೈನು ಅವತ್ತು ಹೇಗಿತ್ತೋ ಹಾಗೇ ಇರಲಿ. ಮನೆಯವರನ್ನು ಯಾರ್ಡಿನ ಒಳಗೆ ಬಿಡುತ್ತಿರಲಿಲ್ಲ. ಗಂಡ ಸತ್ತ ಜಾಗವನ್ನು ನಾನು ಕಂಡೇ ಇರಲಿಲ್ಲ.

ಅಣ್ಣ ಮೊದಲು ಬೇಡ ಅಂದ, ಆಮೇಲೆ ಒಪ್ಪಿದ. ಒಪ್ಪಿದ ಮೇಲೆ ಕೇಳಬೇಕೆ. ಮುರಿದ ಆಟಿಕೆ ವ್ಯಾಗನ್ನುಗಳ ಗಾಲಿಗಳು ರಾಶಿಯಾಗಿ ಬಿದ್ದವು. ಕೆಟ್ಟ ಗಡಿಯಾರದ ಸ್ಪ್ರಿಂಗುಗಳು ವ್ಯಾಗನ್ನಿನ ಸ್ಪ್ರಿಂಗುಗಳಾದವು, ನನ್ನ ಹೊಲಿಗೆ ಮಿಷನ್ನಿನ ಬಾಬಿನ್ನುಗಳು ತಂತಿ ಸುತ್ತುವ ಉರುಳೆಗಳಾದವು. ಇಟ್ಟಿಗೆ ಪುಡಿ ಉದುರಿಸಿ ಎಲ್ಲಕ್ಕೂ ತುಕ್ಕು ಹಿಡಿಸಿದೆ. ಅಣ್ಣ ಭೂತಗನ್ನಡಿ ಹಿಡಿದು, ಅದು ಅಲ್ಲಲ್ಲ, ಒಂದು ಕೂದಲೆಳೆ ಎಡಕ್ಕೆ, ಎಂದು ಪ್ರಾಣ ತಿನ್ನುತ್ತಿದ್ದ. ಎಳ್ಳಷ್ಟು ಆಚೀಚೆ ಆದರೂ ಕಿತ್ತು ಮತ್ತೆ ಅಂಟಿಸಬೇಕು.

ಕೊನೆಗೆ ತಗಡಿನಲ್ಲಿ ಕತ್ತರಿಸಿದ ಕೆಂಪು ಹಲಗೆಗಳಲ್ಲಿ ಒಂದು ಉಳಿಯಿತು. ಉಳಿದ ಲೈನುಗಳಿಗೆಲ್ಲ ನೆಟ್ಟಾಗಿತ್ತು. ಇದನ್ನು ಎಲ್ಲಿಡಲಿ ಎಂದು ಸುಮ್ಮನೆ ಕೇಳಿದೆ.

ಅವನು ಭೂತಗನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದ. "ಮೂರನೇ ಲೈನಿನ ಗಾಲಿ ರಾಶಿ ಹಿಂದೆ. ಬೋರಲಾಗಿ."

ಚಿಮುಟದಲ್ಲಿ ಎತ್ತಿ, ರಾಶಿಯ ಹಿಂದೆ ಬೋರಲು ಹಾಕಿದೆ. ಹಾಕಿದ ಮೇಲೆ ನನ್ನ ಕೈ ಅಲ್ಲೇ ನಿಂತಿತು.

"ಅಣ್ಣ, ಅವತ್ತು ಹಲಗೆ ಇರ್ಲೇ ಇಲ್ಲ ಅಂದಿದ್ರಲ್ಲ."

ಅವನು ಭೂತಗನ್ನಡಿ ಕೆಳಗಿಟ್ಟ. ಬಾಯಿ ತಪ್ಪಿ ಬಂದದ್ದನ್ನು ನುಂಗಲು ಅವನಿಗೆ ಆಗಲಿಲ್ಲ. ಅವತ್ತು ಆ ಪಾಳಿಯ ಮೇಸ್ತ್ರಿ ಅವನೇ. ಊಟದ ಹೊತ್ತು ಮುಗಿಯುವುದರೊಳಗೆ ಇನ್ನೊಂದು ವ್ಯಾಗನ್ನನ್ನು ಆ ಲೈನಿಗೆ ತಳ್ಳಿಸಬೇಕಿತ್ತಂತೆ. ಹಲಗೆಯನ್ನು ಕಿತ್ತು ಗಾಲಿ ರಾಶಿಯ ಹಿಂದೆ ಎಸೆದು ಎಂಜಿನ್ನಿಗೆ ಕೈ ತೋರಿಸಿದನಂತೆ. ಸಂಜೆ ಅದನ್ನು ಚೀಲದಲ್ಲಿ ತಂದು ಒಲೆಗೆ ಹಾಕಿದನಂತೆ.

"ಊಟಕ್ಕೆ ಹೋಗಿದಾನೆ ಅಂದ್ಕೊಂಡೆ," ಅಂದ. "ಒಂದ್ಸಲ ಕೂಗಿ ನೋಡ್ಬೇಕಿತ್ತು. ಕೂಗ್ಲಿಲ್ಲ."

ಅವನ ಕೊರಳಪಟ್ಟಿ ಹಿಡಿದು ಜಗ್ಗಬೇಕು ಅನ್ನಿಸಿತು. ಹನ್ನೊಂದು ವರ್ಷ ನನ್ನ ಕೈಯ ಅನ್ನ ಉಂಡಿದ್ದಾನೆ, ನನ್ನ ಬಾಯಲ್ಲಿ ಗಂಡನಿಗೆ ಬರುವ ಬೈಗುಳವನ್ನು ಕೇಳುತ್ತ. ಮಗಳಿಗೆ ಮಾತ್ರ ಹೇಳಬೇಡ ಎಂದು ಕೈ ಮುಗಿದ. ನಾನು ಪಕ್ಕದ ಕೋಣೆಯಲ್ಲಿದ್ದ ಮಗಳನ್ನು ಕರೆದೆ. ನಿನ್ನ ಬಾಯಿಂದಲೇ ಹೇಳು ಅಂದೆ. ತಲೆ ತಗ್ಗಿಸಿ ಹೇಳಿದ.

ಅವಳು ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

"ಅಪ್ಪ ಮರೆಯೋರಲ್ಲ ಅಂತ ನಾನು ಆವಾಗ್ಲೇ ಹೇಳಿದ್ದೆ ಅಮ್ಮ. ನೀನು ಕೆನ್ನೆಗೆ ಹೊಡ್ದಿದ್ದೆ."

ಹೌದು, ಹೊಡೆದಿದ್ದೆ. ಅವಳಿಗಾಗ ಹತ್ತು ವರ್ಷ. ಆವತ್ತು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಮಾಧಾನ ಮಾಡಿದವನು ಅಣ್ಣನೇ.