ಹಳದಿ ಪುಡಿಯಲ್ಲಿ ಬೂದಿಯ ಕಣ

ನಾನು ಒಂದು ಚಿಟಿಕೆ ಹಳದಿ ಪುಡಿ. ಬೆರಳುದ್ದದ ಗಾಜಿನ ಶೀಶೆಯೇ ನನ್ನ ಮನೆ. ಧಾರವಾಡ ಸೀಮೆಯ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ, ಕುದಿಯುವ ಆಲ್ಕೋಹಾಲಿನೊಳಗೆ ಹುಟ್ಟಿದೆ. ಕಹಿ ಬಾದಾಮಿಯ ವಾಸನೆಯ ಒಂದು ದ್ರವವೂ ಅಮೈನ್ ಜಾತಿಯ ಒಂದು ಕಂದು ಪುಡಿಯೂ ಕೂಡಿ ಮೊದಲು ನನ್ನ ತಾಯಿಯಾದವು. ಶಿಫ್ ಬೇಸ್ ಎಂದು ಅವಳ ಹೆಸರು. ಅವಳಿಗೆ ನಾಲ್ಕು ಕೈಗಳು: ಎರಡು ಸಾರಜನಕದವು, ಎರಡು ಆಮ್ಲಜನಕದವು. ಆ ಕೈಗಳ ನಡುವೆ ತಾಮ್ರ, ನಿಕ್ಕಲ್ ಕುಳಿತಾಗ ನನ್ನ ಅಣ್ಣಂದಿರಾದರು. ಸತು ಕುಳಿತಾಗ ನಾನಾದೆ.

ನಮ್ಮನ್ನು ತಯಾರಿಸಿದವಳು ಪಿಎಚ್.ಡಿ. ಮಾಡುತ್ತಿದ್ದ ದಾಕ್ಷಾಯಣಿ. ನೇರಳಾತೀತ ದೀಪದ ಕೆಳಗಿಟ್ಟಾಗ ಅಣ್ಣಂದಿರಿಬ್ಬರೂ ಕಪ್ಪಗೆ ಕುಳಿತರು. ನಾನು ಮಾತ್ರ ಎಳೆ ಹಸಿರಾಗಿ ಬೆಳಗಿದೆ.

ಅವಳ ಗುರುಗಳು ಹಂಪಿಹೊಳಿ ಸರ್. ಯಕೃತ್ತಿನ ಬೇನೆಯಿಂದ ಅವರ ಕಣ್ಣುಗಳೂ ನನ್ನಂತೆ ಹಳದಿಯಾಗಿದ್ದವು. "ಬೆಳಗೋದು ಕಂಡಾತು. ಒಳಗ ಹೆಂಗ ಕುಂತದ ಅನ್ನೋದು ಕಾಣಬೇಕಲ್ಲ?" ಎಂದರು. ಸತು ನಾಲ್ಕು ಕೈಗಳ ನಡುವೆ ಸಪಾಟಾಗಿ ಕುಳಿತಿದೆ ಎಂದು ಉಳಿದವರ ವಾದ. ತುಸು ಮೇಲೆದ್ದು, ಒಂದು ನೀರಿನ ಅಣುವಿನ ಕೈ ಹಿಡಿದಿದೆ ಎಂದು ಇಪ್ಪತ್ತು ವರ್ಷದಿಂದ ಸರ್ ಹೇಳುತ್ತಿದ್ದರು. ಎಕ್ಸ್‌ರೇ ಹಾಯಿಸಿ ಒಳಗಿನ ಚಿತ್ರ ತೆಗೆಯಲು ರಾಗಿ ಕಾಳಿಗಿಂತ ಚಿಕ್ಕದಾದ ಒಂದೇ ಒಂದು ಹರಳು ಸಾಕಿತ್ತು. ಆದರೆ ವೈದ್ಯರು ದೀಪಾವಳಿಯ ಆಚೆಗೆ ಮಾತು ಕೊಟ್ಟಿರಲಿಲ್ಲ.

ದಾಕ್ಷಾಯಣಿ ನನ್ನನ್ನು ಕರಗಿಸಿ, ಬೀಕರಿನ ಬಾಯಿಗೆ ಕಾಗದ ಕಟ್ಟಿ, ಸೂಜಿಯಿಂದ ತೂತು ಮಾಡಿ ಮೂಲೆಯಲ್ಲಿಟ್ಟಳು. ದ್ರಾವಕ ಮೆಲ್ಲಗೆ ಆರಬೇಕು. ಅವಸರವಾದರೆ ಹರಳು ಕೂಡುವುದಿಲ್ಲ.

"ಏನ್ರಿ ಅಕ್ಕಾರ, ಹುಳಾ ಸಾಕೀರೇನು? ಉಸಿರಾಡಾಕ ತೂತು ಮಾಡೀರಿ?" ಎಂದು ಕೇಳಿದಳು ನೀಲವ್ವ. ವಿಭಾಗದ ಕಸ ಗುಡಿಸಿ ಗಾಜಿನ ಸಾಮಾನು ತೊಳೆಯುತ್ತಿದ್ದವಳು ಅವಳೇ. ಗಂಡ ತೀರಿದಾಗ ಅವಳಿಗೆ ಈ ಕೆಲಸ ಕೊಡಿಸಿದವರು ಸರ್.

"ಹೂಂ. ಅಳಗಾಡಿಸಿದರ ಕಡೀತಾವ. ಸರ್‌ಗೆ ತೋರಸೂ ಹರಳು ಇದರಾಗ ಆಗಬೇಕು."

"ಅಳಗಾಡಸಂಗಿಲ್ಲ ತಗೋರಿ."

ಹದಿನೈದು ದಿನ ಕಳೆದವು. ನಾನು ಹರಳಾಗಲು ತುದಿಗಾಲಲ್ಲಿ ನಿಂತಿದ್ದೆ. ಆಯುಧಪೂಜೆ ಬಂತು. ತಕ್ಕಡಿ, ಒಲೆ, ಯಂತ್ರ, ಎಲ್ಲಕ್ಕೂ ನೀಲವ್ವ ವಿಭೂತಿ ಬಳಿದು ಚೆಂಡುಹೂ ಇಟ್ಟಳು. ಕೊನೆಗೆ ನನ್ನ ಮುಂದೆ ನಿಂತಳು. ಕೊಟ್ಟ ಮಾತಿನಂತೆ ಬೀಕರನ್ನು ಅಲುಗಾಡಿಸಲಿಲ್ಲ. ಗಾಜಿಗೆ ಮೂರು ಬೆರಳು ವಿಭೂತಿ ಎಳೆದು, ಕಾಗದದ ಅಂಚನ್ನಷ್ಟೇ ಎತ್ತಿ, ಮಠದಿಂದ ತಂದ ವಿಭೂತಿಯನ್ನು ಒಂದು ಚಿಟಿಕೆ ಒಳಗೆ ಬಿಟ್ಟಳು.

"ನಮ್ಮ ಸರ್ ನಿನ್ನ ನೋಡೂತನಕ ಉಳೀಲಿ" ಎಂದು ಕೈಮುಗಿದಳು.

ಆ ಪ್ರಾರ್ಥನೆಗಿಂತ ನಿರ್ಮಲವಾದುದನ್ನು ನಾನು ಕೇಳಿಲ್ಲ. ಆದರೆ ಬೂದಿಯ ಒಂದೊಂದು ಕಣವೂ ನನಗೆ ಒಂದೊಂದು ಪೀಠವಾಯಿತು. ಒಂದೇ ಹರಳಾಗಿ ಬೆಳೆಯಬೇಕಿದ್ದವನು ಆ ಕಣಗಳ ಮೇಲೆಲ್ಲ ಒಮ್ಮೆಲೇ ಕುಳಿತು ಪುಡಿಯಾದೆ.

ರಜೆ ಮುಗಿಸಿ ಬಂದ ದಾಕ್ಷಾಯಣಿ ಬೀಕರನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಹಳದಿ ಕೆಸರು, ನಡುವೆ ಬೂದಿಯ ಕಣಗಳು, ಗಾಜಿನ ಮೇಲೆ ಮೂರು ಬೆರಳ ಗುರುತು. ಅವಳಿಗೆ ಎಲ್ಲ ತಿಳಿಯಿತು. ಬಾಗಿಲಲ್ಲಿ ನೀಲವ್ವ ನಿಂತಿದ್ದಳು.

"ಯಾಕ್ರಿ ಅಕ್ಕಾರ, ಕೆಟ್ಟಿತೇನ್ರಿ?"

ದಾಕ್ಷಾಯಣಿ ಬೀಕರನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಆಮೇಲೆ, "ಈ ಸಲ ಬಿಸಿಲು ಹೆಚ್ಚಾತು ನೀಲವ್ವಾ" ಎಂದಳು.

ನನ್ನನ್ನು ಸೋಸಿ ಈ ಶೀಶೆಗೆ ತುಂಬಿ ಆಸ್ಪತ್ರೆಗೆ ಒಯ್ದಳು. ಹೊದಿಕೆಯ ಮರೆಯಲ್ಲಿ ನೇರಳಾತೀತ ಟಾರ್ಚು ಹಿಡಿದಾಗ ಸರ್ ಅವರ ಬತ್ತಿದ ಅಂಗೈಯಲ್ಲಿ ನಾನು ಬೆಳಗಿದೆ. ಅವರ ಕಣ್ಣು ಇನ್ನೂ ಚುರುಕಾಗಿತ್ತು.

"ಇದರಾಗ ಬೂದಿ ಎಲ್ಲಿಂದ ಬಂತು?"

ಅವಳು ಹೇಳಿದಳು. ಅವರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರಿಳಿಯಿತು.

"ಆಕಿಗೆ ಹೇಳಬ್ಯಾಡ" ಎಂದರು.

ಒಂಬತ್ತನೆಯ ದಿನ ಅವರು ಶಿವನ ಪಾದ ಸೇರಿದರು. ದೀಪಾವಳಿಗೆ ಇನ್ನೂ ನಾಲ್ಕು ದಿನವಿತ್ತು.

ಮಾಘದಲ್ಲಿ ದಾಕ್ಷಾಯಣಿಗೆ ಬೇರೊಂದು ಬೀಕರಿನಲ್ಲಿ ಹರಳು ಸಿಕ್ಕಿತು. ಅದರ ಚಿತ್ರ ಬಂದಾಗ ಸತು ನಾಲ್ಕು ಕೈಗಳಿಂದ ತುಸು ಮೇಲೆದ್ದು, ನೀರಿನ ಕೈ ಹಿಡಿದಿತ್ತು. ಚಿತ್ರವನ್ನು ಮೇಜಿನ ಮೇಲೆ ಹರಡಿಕೊಂಡು ಅವಳು ಒಬ್ಬಳೇ ಅತ್ತಳು.

ಪದವಿ ಪಡೆದು ಹೊರಡುವ ದಿನ ಅವಳು ನನ್ನನ್ನು ಕಪಾಟಿನ ಹಿಂದಿನಿಂದ ತೆಗೆದಳು. ಕಸದ ಬುಟ್ಟಿ ಹಿಡಿದು ನಿಂತಿದ್ದ ನೀಲವ್ವ, "ಸರ್ ಕಡೀಕ ಕೈಯಾಗ ಹಿಡದದ್ದು ಇದ ಅಲ್ರಿ? ನನಗ ಕೊಡ್ರಿ" ಎಂದಳು. ದಾಕ್ಷಾಯಣಿ ಮುಚ್ಚಳದ ಸುತ್ತ ಮೇಣ ಬಳಿದು, "ಎಂದೂ ತೆರೀಬ್ಯಾಡ" ಎಂದು ಹೇಳಿ ಕೊಟ್ಟಳು.

ಈಗ ನಾನು ನೀಲವ್ವನ ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿದ್ದೇನೆ. ಎಣ್ಣೆಯ ದೀಪಕ್ಕೆ ನಾನು ಬೆಳಗುವುದಿಲ್ಲ; ನನಗೆ ಬೇಕಾದ ಬೆಳಕು ಈ ಮನೆಯಲ್ಲಿಲ್ಲ. ದಿನಾ ಮುಂಜಾನೆ ಅವಳು ಹಣೆಗೆ ವಿಭೂತಿ ಧರಿಸಿ, ಬೆರಳಲ್ಲಿ ಉಳಿದುದನ್ನು ನನ್ನ ಶೀಶೆಗೆ ಹಚ್ಚುತ್ತಾಳೆ. "ಆ ವರ್ಷ ಸುಡುಗಾಡು ಬಿಸಿಲು. ಇಲ್ಲಂದ್ರ ಸರ್ ಹರಳು ನೋಡೇ ಹೋಗತಿದ್ರು" ಎಂದು ಸೂರ್ಯನನ್ನು ಬೈಯುತ್ತಾಳೆ.

ಬೆಳಕು ಕೊಟ್ಟ ದೇವರು ನನಗೆ ಬಾಯಿ ಕೊಡಲಿಲ್ಲ. ಎರಡನೆಯದೇ ದೊಡ್ಡ ಕರುಣೆ ಎಂದು ಈಗ ತಿಳಿದಿದೆ.