ಎರಡನೆಯ ಕೊಡೆ

ನನ್ನ ಅಕ್ಕನ ಮಗಳು ಬಾಗಿಲನ್ನು ಕೈಯಿಂದ ತೆರೆಯುವುದಿಲ್ಲ. ಎಡಭುಜ ಕೊಟ್ಟು ತಳ್ಳಿ, ಎರಡೂ ಅಂಗೈಗಳನ್ನು ಯಾವುದಕ್ಕೂ ತಾಗದಂತೆ ಎದೆಯ ಮುಂದೆ ಹಿಡಿದುಕೊಂಡು, ಓರೆಯಾಗಿ ಒಳಗೆ ಬಂದು, ಯಾರ ಮುಖವನ್ನೂ ನೋಡದೆ ನೇರವಾಗಿ ನಲ್ಲಿಯ ಬಳಿಗೆ ಹೋಗಿ, ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದುಕೊಂಡ ಮೇಲೆಯೇ, "ಹೇಗಿದ್ದೀರಿ ಮಾವ?" ಎನ್ನುತ್ತಾಳೆ. ನನ್ನ ಮನೆಯ ಬಾಗಿಲಿಗೆ ಅವಳ ಭುಜ ತಾಗುವ ಎತ್ತರದಲ್ಲಿ ಬಣ್ಣ ಸ್ವಲ್ಪ ಮಾಸಿದೆ. ಅಳಿಸಿ ಹೊಸ ಬಣ್ಣ ಬಳಿಸಲು ನನಗೆ ಮನಸ್ಸು ಬಂದಿಲ್ಲ.

ಇನ್ನೊಂದು ಗುರುತು ಅವಳ ಮಾತಿನದು. ಏನು ಕೇಳಿದರೂ ಒಂದು ಕ್ಷಣ ತಡೆದು, ಕೆಳತುಟಿಯನ್ನು ಒಳಗೆಳೆದುಕೊಂಡು, "ಗೊತ್ತಿಲ್ಲ" ಎನ್ನುತ್ತಾಳೆ. ಇದು ಮನೆಯೆಲ್ಲ ತಡಕಾಡಿ ಬರಿಗೈಯಲ್ಲಿ ಹಿಂತಿರುಗಿದವರು ಹೇಳುವ ಗೊತ್ತಿಲ್ಲ. ಬೇರೆ ಯಾರಾದರೂ ಹೀಗಂದಿದ್ದರೆ ನಾನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಇವಳನ್ನು ಮನೆಮಂದಿಯೆಲ್ಲ ಚಿಕ್ಕಂದಿನಿಂದ ಕರೆಯುತ್ತ ಬಂದದ್ದು ಜಡ್ಜಮ್ಮ ಎಂದು! ಆರು ವರ್ಷದವಳಿದ್ದಾಗ, ಪತ್ರಿಕೆಯ ಪದಬಂಧವನ್ನು ಮೊದಲು ಯಾರು ತುಂಬಬೇಕೆಂದು ನನಗೂ ಭಾವನಿಗೂ ಜಟಾಪಟಿ ನಡೆಯುತ್ತಿದ್ದರೆ, ನಡುವೆ ನುಗ್ಗಿ ಪತ್ರಿಕೆಯನ್ನು ಕಸಿದುಕೊಂಡು, "ನೀವಿಬ್ರೂ ತಪ್ಪು ತಪ್ಪು ಬರೀತೀರ, ಅಜ್ಜಿ ಬರೀಲಿ" ಎಂದು ತೀರ್ಪು ಕೊಟ್ಟವಳು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಕಾನೂನು ಕಾಲೇಜಿಗೆ ಸೇರಿದ ಮೇಲಂತೂ ಅವಳ ಎದುರು ಅಭಿಪ್ರಾಯ ಹೇಳುವುದೆಂದರೆ ಕಟಕಟೆಯಲ್ಲಿ ನಿಂತ ಹಾಗೆ. ವಕೀಲರಾದ ಭಾವ ಒಳಗೊಳಗೇ ಹಿಗ್ಗುತ್ತಿದ್ದರು.

ಆ ಕಾಲೇಜಿನವರೇ ಪ್ರತಿ ವಿದ್ಯಾರ್ಥಿಯೂ ನಲವತ್ತು ಗಂಟೆ ಸೇವೆ ಮಾಡಬೇಕೆಂದು ನಿಯಮ ಮಾಡಿದರು. ಇವಳು ಕಠಿಣ ಕಾಯಿಲೆಯ ಮಕ್ಕಳ ಆಸ್ಪತ್ರೆಯನ್ನು ಆರಿಸಿಕೊಂಡಳು. ಬಸ್ಸು ಅದರ ಬಾಗಿಲಲ್ಲೇ ನಿಲ್ಲುತ್ತದೆ ಎಂಬುದಕ್ಕಿಂತ ಘನವಾದ ಕಾರಣವೇನೂ ಇರಲಿಲ್ಲ. ಮೇಷ್ಟರಾಗಿ ನಿವೃತ್ತನಾದರೂ ಉಪದೇಶದಿಂದ ನಿವೃತ್ತನಾಗದ ನಾನು, "ದುಃಖದ ಸನ್ನಿಧಿಯಲ್ಲಿ ಮನಸ್ಸು ಮಾಗುತ್ತೆ, ಹೋಗಿ ಬಾ" ಎಂದು ಆಶೀರ್ವದಿಸಿದೆ. ಆ ವಾಕ್ಯವನ್ನು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ಅಲ್ಲಿ ಅವಳಿಗೆ ಕೊಟ್ಟದ್ದು ತೋಳಿಲ್ಲದ ಒಂದು ಹಳದಿ ಕೋಟು, ಬಾಗಿಲನ್ನು ಕೈಯಿಂದ ಮುಟ್ಟದೆ ಮೊಣಕೈಯವರೆಗೆ ತೊಳೆದುಕೊಂಡೇ ಮಕ್ಕಳ ಬಳಿ ಹೋಗಬೇಕೆಂಬ ನಿಯಮ ಮತ್ತು ಇಪ್ಪತ್ತನಾಲ್ಕು ಚಿತ್ರದ ಚೀಟಿಗಳು. ಪ್ರತಿ ಚಿತ್ರಕ್ಕೂ ಒಂದು ಜೋಡಿ: ಕೊಡೆ, ಲಾಂದ್ರ, ಮೀನು, ಗಡಿಯಾರ ಹೀಗೆ. ಎಲ್ಲವನ್ನೂ ಹಾಸಿಗೆಯ ಮೇಲಿನ ಹಲಗೆಯ ಮೇಲೆ ಬೋರಲು ಹಾಕಿ, ಸರದಿಯ ಪ್ರಕಾರ ಎರಡೆರಡು ಎತ್ತಿ ನೋಡುವುದು. ಜೋಡಿ ಸಿಕ್ಕರೆ ಚೀಟಿ ನಮ್ಮದು, ಜೊತೆಗೆ ಇನ್ನೊಂದು ಸರದಿ. ಸಿಗದಿದ್ದರೆ ಇದ್ದಲ್ಲೇ ಬೋರಲು. ಯಾವುದು ಎಲ್ಲಿತ್ತೆಂದು ನೆನಪಿಟ್ಟುಕೊಂಡವರೇ ಗೆಲ್ಲುವ ಆಟ. ಜಡ್ಜಮ್ಮನ ನೆನಪು ಕಲ್ಲಿನಲ್ಲಿ ಕೊರೆದಂಥದ್ದು, ಎಳೆಮಕ್ಕಳನ್ನು ಸೋಲಿಸುವುದು ಅವಳಿಗೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ಎಲ್ಲ ದೊಡ್ಡವರೂ ಮಾಡುವುದನ್ನೇ ಅವಳೂ ಮಾಡಿದಳು. ಮರೆತವಳಂತೆ ಹಣೆ ಚಚ್ಚಿಕೊಂಡು, ತಪ್ಪು ಚೀಟಿ ಎತ್ತಿ, ಮಕ್ಕಳು ಚಪ್ಪಾಳೆ ತಟ್ಟುವುದನ್ನು ನೋಡಿ ಧನ್ಯಳಾದಳು.

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗಿಯಿದ್ದಳು. ಯಾವ ಸಿಸ್ಟರ್ ಎಷ್ಟು ಹೊತ್ತಿಗೆ ಬಂದರು, ಯಾರ ಡ್ರಿಪ್ಪು ನಿಂತಿದೆ, ಯಾರ ತಾಯಿ ಬಚ್ಚಲಲ್ಲಿ ಅತ್ತು ಬಂದಿದ್ದಾಳೆ ಎಂಬುದನ್ನೆಲ್ಲ ಗಮನಿಸುತ್ತಿದ್ದ ಅವಳಿಗೆ ವಾರ್ಡಿನವರು ಇಟ್ಟ ಹೆಸರು ಇನ್ಸ್‌ಪೆಕ್ಟರ್. ಮೂರನೆಯ ಆಟದಲ್ಲೇ ಅವಳು ಜಡ್ಜಮ್ಮನನ್ನು ಹಿಡಿದುಹಾಕಿದಳು.

"ಅಕ್ಕಾ, ನೀನು ಮರೆತಿಲ್ಲ. ನಿನ್ನ ಕಣ್ಣು ಮೀನಿನ ಹತ್ರ ಹೋಗಿ ವಾಪಸ್ ಬಂತು."

ಜಡ್ಜಮ್ಮ ನಕ್ಕು ಹಾರಿಸಲು ನೋಡಿದಳಂತೆ. ಹುಡುಗಿ ನಗಲಿಲ್ಲ.

"ನಾನು ಸಾಯ್ತೀನಿ ಅಂತ ತಾನೇ ಸೋಲ್ತಿರೋದು? ಹಾಗಾದ್ರೆ ಆಟ ಬೇಡ."

ಇದನ್ನು ನನಗೆ ಹೇಳುವಾಗಲೂ ಜಡ್ಜಮ್ಮನ ಅಂಗೈಗಳು ತಾವಾಗಿಯೇ ಎದೆಯ ಮುಂದಕ್ಕೆ ಬಂದು ನಿಂತಿದ್ದವು. ಅಂದು ಇಬ್ಬರ ನಡುವೆ ಒಂದು ಕರಾರಾಯಿತು: ಇನ್ನು ಮೇಲೆ ಸುಳ್ಳು ಮರೆವಿಲ್ಲ. ಇವಳು ಕರಾರನ್ನು ಕಟ್ಟುನಿಟ್ಟಾಗಿ ನಡೆಸಿದಳು. ವಾರಕ್ಕೆ ಎರಡು ದಿನ ಹೋಗಿ, ಇಂಜೆಕ್ಷನ್ ಚುಚ್ಚಿಸಿಕೊಂಡು ಸೊರಗಿದ ಮಗುವನ್ನು ಮುಲಾಜಿಲ್ಲದೆ ಸೋಲಿಸಿ ಬರುತ್ತಿದ್ದಳು. ಹುಡುಗಿಯ ತಾಯಿಗೆ ಇದನ್ನು ನೋಡಲಾಗದೆ, ಒಂದು ದಿನ ಕಾರಿಡಾರಿನಲ್ಲಿ ಅಡ್ಡಗಟ್ಟಿ, "ಒಂದೇ ಒಂದ್ಸಲ ಸೋತ್ರೆ ನಿಮ್ಮ ಗಂಟೇನು ಹೋಗುತ್ತಮ್ಮಾ?" ಎಂದು ಕೇಳಿದರಂತೆ. ಇವಳು ಕಣ್ಣು ತುಂಬಿಕೊಂಡು ಮನೆಗೆ ಬಂದು, ಅದೇ ಸಿಟ್ಟಿನಲ್ಲಿ ಅಜ್ಜಿಯನ್ನು ಸತತ ಆರು ಆಟ ಸೋಲಿಸಿದಳು. "ಸೇವೆ ಮಾಡೋಕೆ ಹೋಗಿ ರಾಕ್ಷಸಿಯಾಗಿ ಬಂದಿದ್ದಾಳಲ್ಲೋ" ಎಂದು ನನ್ನ ತಾಯಿ ನನಗೆ ದೂರು ಕೊಟ್ಟರು. ನನಗೂ ತಲೆಬುಡ ತಿಳಿಯಲಿಲ್ಲ. ಮಾಗಿದ ಮನಸ್ಸನ್ನು ನಿರೀಕ್ಷಿಸುತ್ತಿದ್ದವನಿಗೆ ಈ ಹಟಮಾರಿಯನ್ನು ಹೇಗೆ ಅರ್ಥ ಮಾಡಿಕೊಳ್ಳುವುದು?

ಆ ಹುಡುಗಿ ಮಾತ್ರ ಸೋತಷ್ಟೂ ಚುರುಕಾಗುತ್ತಿದ್ದಳಂತೆ. ನಾಲ್ಕು ಜೋಡಿಯಿಂದ ಐದಕ್ಕೆ ಬಂದಳು. ಆಮೇಲೆ ಔಷಧಿ ಬದಲಾಯಿತು, ನೆನಪು ಮಸುಕಾಗತೊಡಗಿತು, ಮೂರಕ್ಕಿಳಿದಳು. ಗೆಲ್ಲಲೇಬೇಕೆಂಬ ಅವಳ ಛಲ ಮಾತ್ರ ಕರಗಲಿಲ್ಲ. ಉಳಿದಿರುವ ದಿನಗಳು ಹೆಚ್ಚಿಲ್ಲವೆಂದು ಸಿಸ್ಟರ್ ಜಡ್ಜಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಒಂದು ಗುರುವಾರ ಮಧ್ಯಾಹ್ನದ ಆಟದಲ್ಲಿ ಇಬ್ಬರಿಗೂ ಐದೈದು ಜೋಡಿಯಾಗಿ, ಹಲಗೆಯ ಮೇಲೆ ನಾಲ್ಕೇ ಚೀಟಿ ಉಳಿದವು: ಎರಡು ಕೊಡೆ, ಎರಡು ಲಾಂದ್ರ. ಸರದಿ ಇವಳದು. ಮೊದಲು ಎತ್ತಿದ್ದು ಕೊಡೆ. ಎರಡನೆಯ ಕೊಡೆಯನ್ನು ಇಬ್ಬರೂ ಆಗಲೇ ಒಮ್ಮೆ ನೋಡಿದ್ದರು. ಇವಳ ಕೈ ಮುಂದೆ ಹೋಯಿತು, ಒಂದು ಚೀಟಿ ಎತ್ತಿತು. ಅದು ಲಾಂದ್ರ.

ಹುಡುಗಿ ಕೊಡೆಗಳೆರಡನ್ನೂ ಎತ್ತಿದಳು. ಆಮೇಲೆ ಲಾಂದ್ರಗಳೆರಡನ್ನೂ ಎತ್ತಿದಳು. ಏಳಕ್ಕೆ ಐದು. ಆದರೆ ಕೂಗಲಿಲ್ಲ. ಮೊದಲು ಇವಳ ಕಣ್ಣನ್ನೇ ನೋಡಿದಳಂತೆ.

"ನಿಜವಾಗ್ಲೂ ಮರೆತ್ಯಾ?"

"ನಿಜವಾಗ್ಲೂ."

ಆಮೇಲೆ ಸಂಭ್ರಮವೋ ಸಂಭ್ರಮ. ಇನ್ಸ್‌ಪೆಕ್ಟರ್ ಗೆದ್ದ ಸುದ್ದಿ ನೆಲ ಒರೆಸುವವರಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಮುಟ್ಟಿತು. ಹನ್ನೊಂದು ದಿನಗಳ ಮೇಲೆ ಆ ಹುಡುಗಿ ತೀರಿಕೊಂಡಳು.

ಅದಾದ ಮೇಲೆ ಜಡ್ಜಮ್ಮ ನನ್ನ ಮನೆಗೆ ಬಂದು, ಕೈ ತೊಳೆದುಕೊಂಡು, ಒರೆಸಿಕೊಳ್ಳುವುದನ್ನೂ ಮರೆತು ಕುಳಿತಳು. ನೀರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

"ಆ ಕೊಡೆ ಎಲ್ಲಿತ್ತು ಅಂತ ನನಗೆ ಗೊತ್ತಿತ್ತಾ ಮಾವ?"

"ನೀನೇ ಹೇಳ್ಬೇಕು."

"ಅದೇ ಗೊತ್ತಿಲ್ಲ. ಹಿಂದಿನ ರಾತ್ರಿ ನಿದ್ದೆ ಇಲ್ಲದೆ ಅವತ್ತು ಬೆಳಗ್ಗೆಯಿಂದ ತಲೆ ಗಿಂ ಅಂತಿತ್ತು. ಮರೆತಿದ್ರೂ ಮರೆತಿರಬಹುದು. ಆದ್ರೆ ಅವಳು ಗೆಲ್ಲಲಿ ಅಂತ ಎಷ್ಟು ಆಸೆ ಇತ್ತು ಅಂದ್ರೆ, ಕೈಯೇ ಸುಳ್ಳು ಹೇಳಿರಬಹುದು. ನಿಜವಾಗ್ಲೂ ಅಂದುಬಿಟ್ಟೆ."

ನಾನು ನನ್ನ ಹಳೆಯ ಮೇಷ್ಟರ ದನಿಯಲ್ಲಿ, ಏನಾದರೇನು, ಮಗು ಸಂತೋಷಪಟ್ಟಿತಲ್ಲ ಎಂದೆ. ಅವಳು ಥಟ್ಟನೆ ತಲೆಯೆತ್ತಿದಳು.

"ಸಂತೋಷ ಕೊಡೋಕೆ ಅವಳಿಗೆ ಎಲ್ಲರೂ ಇದ್ರು ಮಾವ. ಮೋಸ ಮಾಡದೆ ಇರೋಕೆ ನಾನೊಬ್ಬಳೇ ಇದ್ದಿದ್ದು."

ಹಾಗಾದರೆ ನೀನು ಖಂಡಿತ ಮರೆತೇ ಇದ್ದೆ ಎಂದೆ. "ನೀವು ಅಲ್ಲಿದ್ರಾ?" ಎಂದಳು. ನಾನು ಟವಲು ತಂದುಕೊಟ್ಟೆ, ಅಷ್ಟೆ.

ಆ ವರ್ಷದ ಪರೀಕ್ಷೆಯಲ್ಲಿ, ಆರೋಪಿಯ ಉದ್ದೇಶವನ್ನು ನಿರ್ಣಯಿಸುವ ಬಗೆಯನ್ನು ವಿವರಿಸಿ ಎಂಬ ಪ್ರಶ್ನೆಗೆ ಅವಳು ಅರ್ಧ ಪುಟ ಬರೆದು, ಅಡ್ಡಗೆರೆ ಎಳೆದು, ಎದ್ದು ಬಂದಳು. "ಗೊತ್ತಿಲ್ಲ ಅನ್ನೋಕೆ ಕಾಲೇಜ್ ಯಾಕೆ ಬೇಕು?" ಎಂದು ಭಾವ ಗುಡುಗಿದರು. ಅಕ್ಕ ಆಸ್ಪತ್ರೆ ಬಿಟ್ಟುಬಿಡು ಎಂದು ಗೋಗರೆದಳು. ನಲವತ್ತು ಗಂಟೆ ಎಂದೋ ಮುಗಿದಿತ್ತು. ಆದರೂ ಅವಳು ಹೋಗುವುದನ್ನು ನಿಲ್ಲಿಸಲಿಲ್ಲ. ಯಾಕೆಂದು ಕೇಳಿದರೆ ಉತ್ತರ ನಿಮಗೇ ಗೊತ್ತಿದೆ.

ಕುತೂಹಲ ತಡೆಯದೆ ಒಮ್ಮೆ ನಾನೂ ಅನುಮತಿ ಕೇಳಿ ವಾರ್ಡಿನೊಳಗೆ ಹೋಗಿ, ಕೈತೊಳೆದು, ಮೂಲೆಯ ಸ್ಟೂಲಿನ ಮೇಲೆ ಕುಳಿತೆ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಈಗ ಬೇರೊಂದು ಮಗು, ಐದು ವರ್ಷದ್ದು, ಬೋಳುತಲೆಯ ಮೇಲೆ ಉಣ್ಣೆಯ ಟೋಪಿ. ಜಡ್ಜಮ್ಮ ಒಂದು ಚೀಟಿ ಎತ್ತಿದಳು. ಎರಡನೆಯದಕ್ಕೆ ಕೈ ಚಾಚಿ, ಗಾಳಿಯಲ್ಲೇ ನಿಲ್ಲಿಸಿ, ಎಷ್ಟು ಹೊತ್ತು ಕುಳಿತಳೆಂದರೆ ಮಗು ಆಕಳಿಸಿತು. ಕೊನೆಗೆ ಎತ್ತಿದ್ದು ತಪ್ಪು ಚೀಟಿ.

"ಬೇಕಂತ ಸೋತ್ಯಾ ಅಕ್ಕ?" ಎಂದಿತು ಮಗು. ಈ ಪ್ರಶ್ನೆ ಆ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಉಳಿದುಕೊಂಡು ಬಂದಿರಬೇಕು.

"ಗೊತ್ತಿಲ್ಲ ಕಂದ. ನನ್ನ ಕಣ್ಣು ನೋಡ್ಕೊಂಡು ಆಡು. ಅನುಮಾನ ಬಂದ್ರೆ ಹೇಳು, ಮತ್ತೆ ಆಡೋಣ."

ಮಗು ಮೊಣಕಾಲೂರಿ, ಅವಳ ಮುಖದ ಹತ್ತಿರಕ್ಕೆ ಬಂದು, ಡಾಕ್ಟರರು ತನ್ನನ್ನು ಪರೀಕ್ಷಿಸುವ ಹಾಗೆಯೇ ಅವಳ ಎರಡೂ ಕಣ್ಣುಗಳನ್ನು ಪರೀಕ್ಷಿಸಿತು. ಜಡ್ಜಮ್ಮ ರೆಪ್ಪೆ ಮಿಟುಕಿಸದೆ ಕುಳಿತಿದ್ದಳು. ತೀರ್ಪು ಏನೆಂದು ನನಗೆ ಕೇಳಿಸಲಿಲ್ಲ. ಇಬ್ಬರೂ ಚೀಟಿಗಳನ್ನು ಕಲೆಸಿ ಮತ್ತೆ ಬೋರಲು ಹಾಕತೊಡಗಿದರು.

ದುಃಖದ ಸನ್ನಿಧಿಯಿಂದ ಮಾಗಿ ಬಂದವರೆಂದು ಹೇಳಿಕೊಳ್ಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರ ಸಾಂತ್ವನದ ಮಾತುಗಳು ಮೊದಲೇ ಸಿದ್ಧವಾಗಿರುತ್ತವೆ, ನನ್ನವೂ ಹಾಗೆಯೇ ಇದ್ದವು. ಇವಳಂಥವರು ಅಲ್ಲಿಂದ ಹಿಂತಿರುಗುವಾಗ ತಮ್ಮ ಒಳ್ಳೆಯತನದ ಮೇಲೇ ಒಂದು ಅನುಮಾನವನ್ನು ಹೊತ್ತು ತರುತ್ತಾರೆ, ಜೀವಮಾನವಿಡೀ ಅದನ್ನು ಕೆಳಗಿಳಿಸುವುದಿಲ್ಲ. ಅವರು ಸುಖವಾಗಿದ್ದಾರೆಯೇ, ಅವರ ದಾರಿ ಸರಿಯೇ, ಇವಳು ನಾಳೆ ವಕೀಲೆಯಾದಾಳೇ, ಒಂದೂ ನನಗೆ ತಿಳಿಯದು. ಆದರೆ ಎಂದಾದರೊಂದು ದಿನ ನಾನು ಏಳಲಾರದಂತೆ ಮಲಗಿದಾಗ, ನನ್ನ ಕೋಣೆಯ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಬಂದು ಎದುರು ಕುಳಿತುಕೊಳ್ಳಬೇಕಾದವರು ಇಂಥವರೇ. ಅವರು ನನ್ನನ್ನು ನಿರ್ದಾಕ್ಷಿಣ್ಯವಾಗಿ ಸೋಲಿಸಲಿ. ಎಂದೋ ಒಮ್ಮೆ ನಾನು ಗೆದ್ದರೆ, ಅದು ಹೇಗಾಯಿತೆಂದು ಅವರಿಗೂ ಗೊತ್ತಾಗದೆ ಇರಲಿ.